ಚೌಕ ಮುಗಿಸಿದವರು ಕೈಕಟ್ಟಿ ಕೂತಾಗ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸ್ನಾತಕೋತ್ತರ ತರಗತಿಗಳಲ್ಲಿ ಗ್ರೂಪ್ ಡೈನಮಿಕ್ಸ್ (ಗುಂಪಿನೊಳಗೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಅಧ್ಯಯನ) ವಿಷಯವನ್ನು ಚಟುವಟಿಕೆಗಳ ಮೂಲಕ ಕಲಿಸುವುದು ಹೇಗೆ ಎಂಬ ಬಗ್ಗೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸಮಾಜಕಾರ್ಯ ವಿಭಾಗದಲ್ಲಿ ಹೊಸದಾಗಿ ಪಾಠ ಮಾಡುತ್ತಿದ್ದೇನೆ. ತರಗತಿಯಲ್ಲಿ 30 ಮಂದಿ, ವಾರಕ್ಕೊಮ್ಮೆ ಎರಡು ಗಂಟೆ. ಸಿದ್ಧಾಂತಗಳನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆಟ ಆಡಿಸಿದರೆ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಎದ್ದು ಹೋಗುತ್ತಾರೆ. ಏನು ಕಲಿತರೆಂದು ಕೇಳಿದರೆ 'ಒಗ್ಗಟ್ಟಿನಲ್ಲಿ ಬಲವಿದೆ' ಅನ್ನುತ್ತಾರೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಹುಶಃ ಗಡಿಯಾರದ ಹತ್ತಿರ. ಆಟಕ್ಕೆ ಒಂದೂವರೆ ಗಂಟೆ ಕೊಟ್ಟು ಮಾತಿಗೆ ಹತ್ತು ನಿಮಿಷ ಉಳಿಸಿಕೊಂಡರೆ ವಿದ್ಯಾರ್ಥಿಗಳು ಮೊದಲೇ ಗೊತ್ತಿದ್ದ ಗಾದೆಯನ್ನೇ ಹೇಳಿ ಹೊರಡುತ್ತಾರೆ. ಆಟ ಬರೀ ಕಚ್ಚಾ ಸಾಮಗ್ರಿ. ಆಡಿದ ಹೊತ್ತಿನ ಒಂದೂವರೆ ಪಟ್ಟಾದರೂ ಹೊತ್ತು ಅದರ ಮೇಲಿನ ಮಾತಿಗೆ ಬೇಕು.

ಈ ವಿಷಯದ ಇತಿಹಾಸವೂ ಇದನ್ನೇ ಹೇಳುತ್ತದೆ. 1946ರ ಬೇಸಿಗೆಯಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಕನೆಟಿಕಟ್‌ನಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಹಗಲು ಗುಂಪುಗಳಲ್ಲಿ ಏನೇನು ನಡೆಯಿತೆಂದು ವೀಕ್ಷಕರು ಸಂಜೆ ಸಂಘಟಕರಿಗೆ ವರದಿ ಕೊಡುತ್ತಿದ್ದರು. ಆ ಸಂಜೆಯ ಮಾತಿಗೆ ಶಿಬಿರಾರ್ಥಿಗಳೂ ಬಂದು ಕೂತರು. ತಮ್ಮ ಬಗ್ಗೆ ಬರೆದದ್ದನ್ನು ಕೇಳಿ 'ಅದು ಹಾಗಲ್ಲ' ಎಂದು ತಕರಾರು ತೆಗೆದರು. ಹಗಲಿನ ಕಾರ್ಯಕ್ರಮಕ್ಕಿಂತ ಆ ತಕರಾರಿನಲ್ಲೇ ಹೆಚ್ಚು ಕಲಿಕೆಯಾಯಿತು, ಗುಂಪು ತನ್ನ ನಡವಳಿಕೆಯನ್ನೇ ನೋಡಿ ಕಲಿಯುವ ಟಿ-ಗ್ರೂಪ್ ಎಂಬ ಪದ್ಧತಿ ಹುಟ್ಟಿದ್ದು ಅಲ್ಲಿಂದ.

ಮೊದಲ ಚಟುವಟಿಕೆಯಾಗಿ ಐದು ಚೌಕಗಳ ಆಟ ಇಟ್ಟುಕೊಳ್ಳಿ. ಅಲೆಕ್ಸ್ ಬವೆಲಾಸ್ ರೂಪಿಸಿದ ಹಳೆಯ ಆಟ ಇದು. ಅದರ ಮೂಲ ನಕ್ಷೆ ನಿಮ್ಮ ಕೈಗೆ ಸಿಗದಿದ್ದರೂ ಪರವಾಗಿಲ್ಲ, ಕತ್ತರಿ ಮತ್ತು ದಪ್ಪ ರಟ್ಟು ಇದ್ದರೆ ಹೀಗೆ ಮಾಡಿಕೊಳ್ಳಬಹುದು.

ಒಂದು ಗುಂಪಿಗೆ 12 ಸೆಂ.ಮೀ. ಬದಿಯ ಐದು ಚೌಕ ಕತ್ತರಿಸಿ. ಎರಡು ಚೌಕಗಳಲ್ಲಿ ಮೇಲಂಚಿನ ನಡುಬಿಂದುವಿನಿಂದ ಕೆಳಗಿನ ಎರಡೂ ಮೂಲೆಗಳಿಗೆ ಗೆರೆ ಎಳೆದು ಕತ್ತರಿಸಿದರೆ ಒಂದೊಂದರಿಂದ ಒಂದು ದೊಡ್ಡ ತ್ರಿಕೋನ, ಎರಡು ಚೂಪು ತ್ರಿಕೋನ ಬರುತ್ತವೆ. ಮೂರನೆಯದನ್ನು ಸರಿಯಾಗಿ ಎರಡು ಆಯತ ಮಾಡಿ ಒಂದು ಆಯತವನ್ನು ಮೂಲೆಯಿಂದ ಮೂಲೆಗೆ ಸೀಳಿ. ಸಿಗುವುದು ಅದೇ ಅಳತೆಯ ಇನ್ನೆರಡು ಚೂಪು ತ್ರಿಕೋನ. ನಾಲ್ಕನೆಯದನ್ನೂ ಎರಡು ಆಯತ ಮಾಡಿ, ಒಂದನ್ನು 6 ಸೆಂ.ಮೀ.ನ ಎರಡು ಪುಟ್ಟ ಚೌಕಗಳಾಗಿಸಿ. ಐದನೆಯದನ್ನು ಕರ್ಣದ ಗುಂಟ ಸೀಳಿ ಒಂದರ್ಧವನ್ನು ಮತ್ತೆ ಸಮಪಾಲು ಮಾಡಿ. ಒಟ್ಟು 15 ತುಂಡು. ರಟ್ಟಿನ ಎರಡೂ ಮುಖ ಒಂದೇ ಬಣ್ಣದ್ದಿರಲಿ, ಏಕೆಂದರೆ ಚೂಪು ತ್ರಿಕೋನಗಳನ್ನು ಕೆಲವೊಮ್ಮೆ ಮಗುಚಿ ಇಡಬೇಕಾಗುತ್ತದೆ.

ಐದು ಲಕೋಟೆಗೆ ಮೂರು ಮೂರು ತುಂಡು ಹಂಚುವಾಗ ಯಾರಿಗೂ ಕೂತಲ್ಲೇ ಚೌಕವಾಗದಂತೆ ನೋಡಿಕೊಳ್ಳಿ. ಒಂದನೆಯದರಲ್ಲಿ ಎರಡು ಚೂಪು ತ್ರಿಕೋನ, ಒಂದು ಪುಟ್ಟ ಚೌಕ. ಎರಡನೆಯದರಲ್ಲಿ ಮೊದಲ ಎರಡು ಚೌಕಗಳಿಂದ ಬಂದ ಒಂದು ದೊಡ್ಡ ತ್ರಿಕೋನ, ಕರ್ಣದ ದೊಡ್ಡ ಅರ್ಧ, ಒಂದು ಚೂಪು. ಮೂರನೆಯದರಲ್ಲಿ ಆಯತ, ಚೂಪು, ಕರ್ಣದ ಸಣ್ಣ ತುಂಡು. ನಾಲ್ಕನೆಯದರಲ್ಲಿ ಇನ್ನೊಂದು ದೊಡ್ಡ ತ್ರಿಕೋನ, ಇನ್ನೊಂದು ಆಯತ, ಇನ್ನೊಂದು ಪುಟ್ಟ ಚೌಕ. ಉಳಿದ ಎರಡು ಚೂಪು, ಕರ್ಣದ ಇನ್ನೊಂದು ಸಣ್ಣ ತುಂಡು ಐದನೆಯದಕ್ಕೆ.

ನಿಯಮ ಮೂರೇ. ಮಾತು, ಸನ್ನೆ, ಕಣ್ಣಿನ ಇಶಾರೆ ಯಾವುದೂ ಇಲ್ಲ. ಇನ್ನೊಬ್ಬರ ಮುಂದಿನ ತುಂಡನ್ನು ಕೇಳುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ, ನಿಮ್ಮದನ್ನು ಕೊಡಬಹುದು ಅಷ್ಟೆ. ಐದೂ ಜನರ ಮುಂದೆ ಒಂದೇ ಅಳತೆಯ ಚೌಕ ಬಂದಾಗ ಆಟ ಮುಗಿಯಿತು. ನಿಯಮಗಳನ್ನು ಹಲಗೆಯ ಮೇಲೂ ಬರೆದಿಡಿ. ನಿಮ್ಮ 30 ಮಂದಿಗೆ ಐದು ಗುಂಪಾಗುತ್ತದೆ. ಪ್ರತಿ ಗುಂಪಿನಲ್ಲಿ ಐವರು ಆಡುವವರು, ಒಬ್ಬರು ವೀಕ್ಷಕರು.

ಇದರಲ್ಲಿ ಒಂದು ಬಲೆಯಿದೆ. ನಾಲ್ಕು ಚೂಪು ತ್ರಿಕೋನ ಕೂಡಿಸಿದರೂ ಸೊಗಸಾದ ಚೌಕವಾಗುತ್ತದೆ. ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿದರೆ ದೊಡ್ಡ ತ್ರಿಕೋನ, ಇನ್ನೆರಡು ಅದರ ಅಕ್ಕಪಕ್ಕಕ್ಕೆ. ಹಾಗೆ ಕೂಡಿಸಿದವರು ಕೈಕಟ್ಟಿ ಹಿಂದಕ್ಕೆ ಒರಗುತ್ತಾರೆ, ಪಕ್ಕದವರ ಪರದಾಟ ನೋಡುತ್ತಾರೆ. ಆದರೆ ಆ ಚೌಕ ಅಲ್ಲಿರುವವರೆಗೂ ಇನ್ನೊಬ್ಬರ ಮುಂದೆ ಒಂದು ದೊಡ್ಡ ತ್ರಿಕೋನವಾದರೂ ಉಳಿದೇ ಉಳಿಯುತ್ತದೆ, ಜೊತೆಗೆ ಬೇಕಾದ ಎರಡು ಚೂಪು ತ್ರಿಕೋನ ಸಿಗದೆ ಅದು ಎಂದೂ ಚೌಕವಾಗುವುದಿಲ್ಲ. ತನ್ನ ಪಾಲಿನ ಕೆಲಸ ಮುಗಿಯಿತೆಂದು ಕೂತವರೇ ಗುಂಪಿನ ಕೆಲಸಕ್ಕೆ ಅಡ್ಡವಾಗಿದ್ದಾರೆ. ಆ ಮುಗಿದ ಚೌಕವನ್ನು ಒಡೆದು ತುಂಡುಗಳನ್ನು ಮೇಜಿನ ಆಚೆಗೆ ಸರಿಸುವ ಗಳಿಗೆ ಬರುತ್ತದೋ ಇಲ್ಲವೋ, ಬಂದರೆ ಎಷ್ಟನೇ ನಿಮಿಷಕ್ಕೆ, ಅದಕ್ಕೆ ಮುಂಚೆ ಏನಾಯಿತು ಎಂಬುದನ್ನು ವೀಕ್ಷಕರು ಬರೆದುಕೊಳ್ಳಬೇಕು. ಎರಡು ಆಯತ ಸೇರಿಸಿ ಚೌಕ ಮಾಡಿದವರನ್ನು ತಪ್ಪೆನ್ನಬೇಡಿ. ಉಳಿದ ತುಂಡುಗಳಿಂದ ಇನ್ನು ನಾಲ್ಕು ಚೌಕ ಆಗುತ್ತವೆ, ಒಂದಕ್ಕೆ ನಾಲ್ಕು ತುಂಡು ಹಿಡಿಯುತ್ತದೆ ಅಷ್ಟೆ.

20 ನಿಮಿಷಕ್ಕೆ ನಿಲ್ಲಿಸಿ, ಮುಗಿಸದ ಗುಂಪಿದ್ದರೂ ನಿಲ್ಲಿಸಿ. ಸೋತ ಗುಂಪಿನಲ್ಲೇ ಮಾತಾಡಲು ಹೆಚ್ಚು ಸರಕಿರುತ್ತದೆ. ತಕ್ಷಣ ಚರ್ಚೆಗೆ ಇಳಿಯಬೇಡಿ. ಐದು ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ: ನಾನು ಯಾವಾಗ ಏನು ಮಾಡಿದೆ? ಮೊದಲು ಬರೆಯದಿದ್ದರೆ, ಎಲ್ಲರಿಗಿಂತ ಮೊದಲು ಬಾಯಿ ತೆರೆದವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಆಮೇಲೆ 'ಏನಾಯಿತು', 'ಹಾಗೇಕಾಯಿತು', 'ಇದನ್ನು ಬೇರೆಲ್ಲಿ ಕಂಡಿದ್ದೀರಿ' ಎಂಬ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಮೊದಲನೆಯದಕ್ಕೇ ಹದಿನೈದು ನಿಮಿಷ ಹೋಗಲಿ, ಅವಸರ ಬೇಡ. ಸಿದ್ಧಾಂತದ ಹೆಸರು ಮೂರನೆಯ ಪ್ರಶ್ನೆಯಾದ ಮೇಲೆ ಬಂದರೆ ಸಾಕು.

ಪ್ರಶ್ನೆ: ವೀಕ್ಷಕರನ್ನು ಕೂರಿಸುತ್ತೇನೆ. ಕೊನೆಗೆ ಅವರು 'ಎಲ್ಲರೂ ಚೆನ್ನಾಗಿ ಭಾಗವಹಿಸಿದರು' ಎಂದು ಬರೆದು ಕೊಡುತ್ತಾರೆ. ನೋಡುವುದನ್ನು ಹೇಗೆ ಕಲಿಸುವುದು?

ಉತ್ತರ: ಎಣಿಸಲು ಕೊಡಿ. ಅಭಿಪ್ರಾಯ ಬರೆಯಿರಿ ಎಂದರೆ ಎಲ್ಲರೂ ಮರ್ಯಾದೆಯ ಮಾತನ್ನೇ ಬರೆಯುತ್ತಾರೆ.

ರಾಬರ್ಟ್ ಬೇಲ್ಸ್ 1950ರಲ್ಲಿ ಗುಂಪಿನ ಮಾತನ್ನು 12 ಬಗೆಯಾಗಿ ವಿಂಗಡಿಸುವ ಕ್ರಮ ಕೊಟ್ಟರು. ಹೊಸಬರಿಗೆ ಹನ್ನೆರಡೂ ಭಾರ. ಮೇಲಕ್ಕೂ ಕೆಳಕ್ಕೂ ನೋಡುವುದರಲ್ಲೇ ಮಾತು ದಾಟಿಹೋಗುತ್ತದೆ. ಆರಕ್ಕೆ ಇಳಿಸಿ: ಸಲಹೆ ಕೊಟ್ಟದ್ದು, ಮಾಹಿತಿ ಕೊಟ್ಟದ್ದು, ಪ್ರಶ್ನೆ ಕೇಳಿದ್ದು, ಒಪ್ಪಿದ್ದು, ಒಪ್ಪದಿದ್ದದ್ದು, ಬಿಗುವು ಸಡಿಲಿಸಿದ್ದು. ಒಂದು ಹಾಳೆಯಲ್ಲಿ ಅಡ್ಡಕ್ಕೆ ಸದಸ್ಯರು, ಉದ್ದಕ್ಕೆ ಈ ಆರು ಸಾಲು, ಒಂದೊಂದು ಮಾತಿಗೆ ಒಂದೊಂದು ಗೀಟು. ಎಂಟು ನಿಮಿಷಕ್ಕೊಮ್ಮೆ ಹೊಸ ಹಾಳೆ ತೆಗೆದುಕೊಳ್ಳಲಿ. ಮೊದಲ ಹಾಳೆಗೂ ಕೊನೆಯದಕ್ಕೂ ಇರುವ ವ್ಯತ್ಯಾಸವೇ ಒಂದು ಪಾಠ.

ಇನ್ನೊಬ್ಬ ವೀಕ್ಷಕರಿಗೆ ಬೇರೆ ಕೆಲಸ. ಕೂತ ಕ್ರಮದಲ್ಲಿ ವೃತ್ತ ಬರೆದುಕೊಂಡು, ಮಾತಾಡಿದವರಿಂದ ಯಾರ ಕಡೆ ಮುಖ ಮಾಡಿ ಮಾತಾಡಿದರೋ ಅವರಿಗೆ ಬಾಣ ಎಳೆಯುವುದು. ಇಡೀ ಗುಂಪಿಗೆ ಹೇಳಿದ ಮಾತಾದರೆ ಬಾಣ ವೃತ್ತದ ನಡುವಿಗೆ. ಹತ್ತು ನಿಮಿಷದಲ್ಲಿ ಚಿತ್ರ ತಾನೇ ಮಾತಾಡತೊಡಗುತ್ತದೆ: ಯಾರಿಂದಲೂ ಬಾಣ ಬಾರದ ಒಬ್ಬರು, ಬಂದ ಬಾಣವೆಲ್ಲ ಒಟ್ಟಾದ ಇನ್ನೊಬ್ಬರು.

ಒಂದೇ ಗುಂಪಿಗೆ ಇಬ್ಬರು ಪ್ರತ್ಯೇಕವಾಗಿ ಎಣಿಸಿ ಆಮೇಲೆ ಹಾಳೆ ಹೋಲಿಸಿದರೆ ಎಣಿಕೆ ತಾಳೆಯಾಗುವುದಿಲ್ಲ. ಒಬ್ಬರು 'ಪ್ರಶ್ನೆ' ಅಂದದ್ದು ಇನ್ನೊಬ್ಬರಿಗೆ 'ಒಪ್ಪದಿದ್ದದ್ದು' ಆಗಿರುತ್ತದೆ. 'ಹಾಗಂತ ಯಾರು ಹೇಳಿದ್ದು?' ಎಂಬ ಮಾತನ್ನು ಎಲ್ಲಿಗೆ ಸೇರಿಸುತ್ತೀರಿ? ಈ ವಾದಕ್ಕೆ ಧಾರಾಳವಾಗಿ ಸಮಯ ಕೊಡಿ. ವರದಿ ಓದುವಾಗ ಒಂದೇ ಕಟ್ಟಳೆ: ಕಂಡದ್ದನ್ನು ಹೇಳಿ, ಅದರ ಅರ್ಥ ಹೇಳುವ ಮೊದಲ ಹಕ್ಕು ಆಡಿದವರದು.

ಪ್ರಶ್ನೆ: ನಾನು ಮನಶ್ಶಾಸ್ತ್ರ ಎಂ.ಎ. ವಿದ್ಯಾರ್ಥಿ. ಆರು ಜನರ ಗುಂಪಿಗೆ ಒಂದು ಅಸೈನ್‌ಮೆಂಟ್ ಕೊಡುತ್ತಾರೆ. ಇಬ್ಬರು ದುಡಿಯುತ್ತೇವೆ, ಆರೂ ಜನರಿಗೆ ಅಂಕ. ಇದನ್ನೇ ಗುಂಪಿನ ಕಲಿಕೆ ಅನ್ನಬೇಕೇ?

ಉತ್ತರ: ಅನ್ನಬೇಕಿಲ್ಲ. ನಿಮ್ಮ ಅಸಮಾಧಾನ ನ್ಯಾಯವಾದದ್ದು, ಮತ್ತು ಅದು ನಿಮ್ಮ ಪಠ್ಯದಲ್ಲೇ ಇರುವ ವಿಷಯ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ಅಳೆದದ್ದು 1913ರಲ್ಲಿ ಅಚ್ಚಾಯಿತು. ಜನ ಹೆಚ್ಚಿದಂತೆ ತಲಾ ಎಳೆತ ಕಡಿಮೆಯಾಗುತ್ತಿತ್ತು. 1979ರಲ್ಲಿ ಲಾಟನೆ, ವಿಲಿಯಮ್ಸ್, ಹಾರ್ಕಿನ್ಸ್ ಚಪ್ಪಾಳೆ ತಟ್ಟಿಸಿ, ಕೂಗಿಸಿ ಅಳೆದು, ಈ ಕುಸಿತಕ್ಕೆ ಕಾರಣ ಬರೀ ಹೊಂದಾಣಿಕೆಯ ಕೊರತೆಯಲ್ಲ, ಶ್ರಮವೇ ಇಳಿಯುತ್ತದೆ ಎಂದು ತೋರಿಸಿದರು. ತನ್ನ ಪಾಲು ಬೇರೆಯಾಗಿ ಕಾಣದಿದ್ದಲ್ಲಿ ಮನುಷ್ಯರು ಸಡಿಲವಾಗುತ್ತಾರೆ. ಹಾಗಾಗಿ ಇದನ್ನು ಆ ನಾಲ್ವರ ಗುಣದೋಷ ಎನ್ನುವ ಮೊದಲು ಕೆಲಸ ಕೊಟ್ಟ ರೀತಿಯನ್ನು ನೋಡಬೇಕು.

ಅಧ್ಯಾಪಕರಿಗೆ ಹೇಳುವ ಮಾತು: ಗುಂಪು ನಾಲ್ಕಕ್ಕೆ ಮೀರದಿರಲಿ. ಅಂಕವನ್ನು ಎರಡು ಭಾಗ ಮಾಡಿ. ಪ್ರತಿಯೊಬ್ಬರೂ ಉಳಿದ ಮೂವರಿಗೆ ಒಟ್ಟು 30 ಪಾಯಿಂಟ್ ಹಂಚಲಿ. ಸರಾಸರಿ ಒಬ್ಬೊಬ್ಬರಿಗೂ 30 ಬರುತ್ತದೆ. ಬಂದ ಪಾಯಿಂಟನ್ನು 30ರಿಂದ ಭಾಗಿಸಿದರೆ ಗುಣಕ. ಗುಂಪಿಗೆ 20ಕ್ಕೆ 16 ಬಂದಿದೆ ಅನ್ನಿ. ಅರ್ಧ, ಅಂದರೆ 8, ಎಲ್ಲರಿಗೂ ಸಮ. ಉಳಿದ 8ನ್ನು ಗುಣಕದಿಂದ ಗುಣಿಸಿ. 36 ಪಾಯಿಂಟ್ ಪಡೆದವರ ಗುಣಕ 1.2, ಅವರಿಗೆ 17.6. 21 ಪಡೆದವರ ಗುಣಕ 0.7, ಅವರಿಗೆ 13.6. ಗುಣಕ 0.7ಕ್ಕಿಂತ ಕೆಳಗೆ, 1.2ಕ್ಕಿಂತ ಮೇಲೆ ಹೋಗದಂತೆ ಮಿತಿ ಇಟ್ಟರೆ ಒಬ್ಬರ ಸಿಟ್ಟು ಇನ್ನೊಬ್ಬರ ಅಂಕವನ್ನು ನುಂಗುವುದಿಲ್ಲ.

ಹೀಗೆ ಮಾಡಿದಾಗ ಎದುರಾಗುವ ತೊಂದರೆ, ಎಲ್ಲರೂ ಮಾತಾಡಿಕೊಂಡು 10, 10, 10 ಹಂಚಿಬಿಡುವುದು. ಅದಕ್ಕೆ ಪ್ರತಿ ಸಂಖ್ಯೆಯ ಪಕ್ಕ ಒಂದು ಸಾಲಿನ ಆಧಾರ ಕೇಳಿ: 'ಎರಡನೇ ಭಾಗದ ಕೋಷ್ಟಕ ಮಾಡಿದರು' ಎಂಬಂಥದ್ದು. ಸೆಮಿಸ್ಟರ್ ನಡುವೆ ಅಂಕಕ್ಕೆ ಸೇರದ ಒಂದು ಸುತ್ತು ನಡೆಸುವುದು ಕಡ್ಡಾಯ. ಕೊನೆಯ ದಿನ ಮಾತ್ರ ಹಂಚಿಸಿದರೆ ಅದು ತೀರ್ಪಾಗುತ್ತದೆ. ನಡುವೆ ಗೊತ್ತಾದರೆ ತಿದ್ದಿಕೊಳ್ಳಲು ದಾರಿಯಿರುತ್ತದೆ.

ಪ್ರಶ್ನೆ: 'ನಾಲ್ಕು ತಲೆ ಸೇರಿದರೆ ಒಳ್ಳೆಯ ನಿರ್ಧಾರ' ಎಂದು ವಿದ್ಯಾರ್ಥಿಗಳು ಗಟ್ಟಿಯಾಗಿ ನಂಬಿದ್ದಾರೆ. ಯಾವಾಗಲೂ ಹಾಗಲ್ಲ ಎಂಬುದನ್ನು ಅವರ ಅನುಭವಕ್ಕೇ ತರುವ ಚಟುವಟಿಕೆ ಇದೆಯೇ?

ಉತ್ತರ: ಇದೆ, ನಮ್ಮ ಮೆಚ್ಚಿನದು. 1985ರಲ್ಲಿ ಸ್ಟ್ಯಾಸರ್ ಮತ್ತು ಟೈಟಸ್ ಮಾಡಿದ ಪ್ರಯೋಗದ ಜಾಡಿನಲ್ಲಿ ಬಂದದ್ದು. ಗುಂಪುಗಳು ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುತ್ತವೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಒಳಗೇ ಉಳಿಯುತ್ತದೆ.

ಒಂದು ಹುದ್ದೆಗೆ ಇಬ್ಬರು ಅಭ್ಯರ್ಥಿಗಳು, ಕ ಮತ್ತು ಗ ಎಂದುಕೊಳ್ಳಿ. ಕ ಅವರ ಬಗ್ಗೆ ಎಂಟು ಒಳ್ಳೆಯ ಅಂಶ, ನಾಲ್ಕು ಕೊರತೆ ಬರೆಯಿರಿ. ಗ ಅವರ ಬಗ್ಗೆ ನಾಲ್ಕು ಒಳ್ಳೆಯದು, ಎಂಟು ಕೊರತೆ. ಎಲ್ಲವನ್ನೂ ಒಟ್ಟಿಗೆ ನೋಡಿದವರು ಕ ಅವರನ್ನೇ ಆರಿಸಬೇಕು. ಈಗ ನಾಲ್ವರಿಗೆ ನಾಲ್ಕು ಚೀಟಿ ಮಾಡಿ. ಕ ಅವರ ನಾಲ್ಕೂ ಕೊರತೆ ಎಲ್ಲ ಚೀಟಿಯಲ್ಲಿರಲಿ, ಎಂಟು ಒಳ್ಳೆಯ ಅಂಶಗಳನ್ನು ತಲಾ ಎರಡರಂತೆ ಹಂಚಿ. ಗ ಅವರದು ತಿರುಗಾಮುರುಗಾ: ನಾಲ್ಕೂ ಒಳ್ಳೆಯ ಅಂಶ ಎಲ್ಲರಿಗೂ, ಎಂಟು ಕೊರತೆ ತಲಾ ಎರಡು. ಚೀಟಿಗೆ 12 ಸಾಲು. ಅದರಲ್ಲಿ ಎಂಟು ಎಲ್ಲರಿಗೂ ಗೊತ್ತಿರುವಂಥವು, ನಾಲ್ಕು ಆ ಒಬ್ಬರಿಗೆ ಮಾತ್ರ. ಹೀಗಾಗಿ ಒಬ್ಬೊಬ್ಬರ ಕಣ್ಣಿಗೂ ಗ ಅವರೇ ಮೇಲು.

'ಎಲ್ಲರ ಚೀಟಿಯೂ ಒಂದೇ ಇರಬೇಕೆಂದಿಲ್ಲ' ಎಂದು ಮೊದಲೇ ಹೇಳಿ. ವಿದ್ಯಾರ್ಥಿಗಳಿಗೆ ಸುಳ್ಳು ಹೇಳಿ ಆಡಿಸಬಾರದು. ಐದು ನಿಮಿಷ ಓದಲಿ, ತಮ್ಮ ಆಯ್ಕೆಯನ್ನು ಗುಟ್ಟಾಗಿ ಬರೆದಿಡಲಿ. ಚೀಟಿ ವಾಪಸ್ ತೆಗೆದುಕೊಂಡು 20 ನಿಮಿಷ ಚರ್ಚೆಗೆ ಬಿಡಿ. ವೀಕ್ಷಕರ ಕೈಯಲ್ಲಿ 24 ಸಾಲಿನ ಪೂರ್ತಿ ಪಟ್ಟಿ ಇರಲಿ. ಒಂದು ಅಂಶ ಮಾತಿಗೆ ಬಂದಾಗಲೆಲ್ಲ ಅದರ ಮುಂದೆ ಗೀಟು. ಕೊನೆಗೆ ಆ ಪಟ್ಟಿಯನ್ನು ಹಲಗೆಗೆ ಅಂಟಿಸಿದರೆ ಸಾಕು. ಎಲ್ಲರ ಚೀಟಿಯಲ್ಲೂ ಇದ್ದ ಎಂಟು ಸಾಲಿನ ಮುಂದೆ ಗೀಟಿನ ಸಾಲು, ಉಳಿದ ಹದಿನಾರರಲ್ಲಿ ಎಷ್ಟೋ ಸಾಲಿನ ಮುಂದೆ ಬರೀ ಬಿಳಿ ಕಾಗದ.

ಹೀಗೇಕೆ? ಒಂದು ಅಂಶ ನಾಲ್ಕು ತಲೆಯಲ್ಲಿದ್ದರೆ ಅದು ಬಾಯಿಗೆ ಬರುವ ಅವಕಾಶವೂ ನಾಲ್ಕು. ಅದನ್ನು ಹೇಳಿದವರಿಗೆ ಮೂವರು ತಲೆಯಾಡಿಸುತ್ತಾರೆ, ಹೇಳಿದವರಿಗೆ ಧೈರ್ಯ ಬರುತ್ತದೆ. ಬೇರೆ ಯಾರಿಗೂ ಗೊತ್ತಿಲ್ಲದ್ದನ್ನು ಹೇಳಿದವರತ್ತ 'ಹೌದಾ?' ಎಂಬ ನೋಟ ಬರುತ್ತದೆ. ಜೊತೆಗೆ ಎಲ್ಲರೂ ಗ ಎಂದು ಮನಸ್ಸು ಮಾಡಿಕೊಂಡೇ ಕೂತಿರುತ್ತಾರೆ. ಎಲ್ಲರ ಒಲವೂ ಒಂದೇ ಎಂದು ಕಂಡಮೇಲೆ ಇನ್ನೇನು ಮಾತು ಅನ್ನಿಸುತ್ತದೆ.

ಕೆಡುವುದು ಎರಡು ಕಡೆ. ಒಂದು, ಅಂಶಗಳ ತೂಕ ಸರಿಯಿಲ್ಲದಿರುವುದು. 'ಹಣ ದುರುಪಯೋಗದ ಆರೋಪವಿದೆ' ಎಂಬಂಥ ಒಂದೇ ಸಾಲು ಉಳಿದ 23ನ್ನೂ ಮುಳುಗಿಸುತ್ತದೆ. ಪೂರ್ತಿ ಪಟ್ಟಿಯನ್ನು ಬೇರೆ ಐದಾರು ಜನರಿಗೆ ಮೊದಲೇ ಕೊಟ್ಟು ನೋಡಿ. ಅವರು ಕ ಅವರನ್ನು ಆರಿಸದಿದ್ದರೆ ಸಾಲುಗಳನ್ನು ತಿದ್ದಿ. ಎರಡು, ಚೀಟಿ ಕೈಯಲ್ಲೇ ಬಿಟ್ಟರೆ ಯಾರಾದರೊಬ್ಬರು ಓದಿ ಹೇಳಿ ಮುಗಿಸುತ್ತಾರೆ, ಪರಿಣಾಮ ತೆಳುವಾಗುತ್ತದೆ.

ಮುಂದಿನ ವಾರ ಹೊಸ ಚೀಟಿಗಳೊಂದಿಗೆ ಇನ್ನೊಮ್ಮೆ ಆಡಿಸಿ, ಒಂದು ನಿಯಮ ಸೇರಿಸಿ: ಮೊದಲ ಎಂಟು ನಿಮಿಷ ಯಾರೂ ತಮ್ಮ ಆಯ್ಕೆ ಹೇಳುವಂತಿಲ್ಲ, ಗೊತ್ತಿರುವ ಅಂಶಗಳನ್ನು ಮಾತ್ರ ಹಲಗೆಗೆ ಬರೆಯಬೇಕು. ಎರಡೂ ವಾರದ ಗೀಟಿನ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಮಾತು ಶುರುಮಾಡಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಜಗಳದ ಹಂತ ಬರಲೇ ಇಲ್ಲ. ಟಕ್‌ಮನ್ ಪ್ರಕಾರ ಗುಂಪು ಬೆಳೆದಿಲ್ಲ ಎಂದು ವರದಿಯಲ್ಲಿ ಬರೆಯಬೇಕೇ?

ಉತ್ತರ: ಕಂಡದ್ದನ್ನು ಬರೆಯಿರಿ. ಬ್ರೂಸ್ ಟಕ್‌ಮನ್ 1965ರಲ್ಲಿ 50 ಲೇಖನಗಳನ್ನು ಪರಿಶೀಲಿಸಿ ಗುಂಪು ಬೆಳೆಯುವ ನಾಲ್ಕು ಹಂತ ಹೇಳಿದರು: ಕೂಡುವುದು, ಜಗಳ, ಕಟ್ಟಳೆಗೆ ಒಗ್ಗುವುದು, ಕೆಲಸ. 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆ ಚದುರುವ ಹಂತವನ್ನು ಸೇರಿಸಿದರು. ಅವರು ನೋಡಿದ ಲೇಖನಗಳಲ್ಲಿ ಚಿಕಿತ್ಸಾ ಗುಂಪುಗಳದ್ದೇ ದೊಡ್ಡ ಪಾಲು. ನಾಲ್ಕು ವಾರದ ತರಗತಿ ಗುಂಪು ಅದೇ ದಾರಿ ಹಿಡಿಯಬೇಕೆಂಬ ಕಟ್ಟುಪಾಡಿಲ್ಲ. ಆದರೆ ಒಂದನ್ನು ಪರೀಕ್ಷಿಸಿ: ಭಿನ್ನಾಭಿಪ್ರಾಯ ಇರಲಿಲ್ಲವೋ, ಇದ್ದದ್ದು ತರಗತಿಯ ಹೊರಗೆ, ಮೊಬೈಲಿನ ಇಬ್ಬಿಬ್ಬರ ಮಾತಿಗೆ ಹೋಯಿತೋ?

ಪ್ರಶ್ನೆ: 'ಯಾರ ಜೊತೆ ಕೆಲಸ ಮಾಡಲು ಇಷ್ಟ, ಯಾರ ಜೊತೆ ಇಷ್ಟವಿಲ್ಲ' ಎಂದು ಬರೆಸಿ ಸಂಬಂಧಗಳ ನಕ್ಷೆ ಮಾಡಿಸಿದೆ. ಒಬ್ಬ ವಿದ್ಯಾರ್ಥಿನಿ ಅತ್ತು ಎದ್ದುಹೋದಳು. ಇಂಥ ಚಟುವಟಿಕೆಗಳನ್ನೇ ಬಿಡಬೇಕೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಬಿಡಬೇಕು. ಮೊದಲು ಆ ವಿದ್ಯಾರ್ಥಿನಿಯನ್ನು ಒಬ್ಬರೇ ಇರುವಾಗ ಕಂಡು, ಪ್ರಶ್ನೆ ಕೇಳಿದ್ದು ತಪ್ಪಾಯಿತೆಂದು ನೇರವಾಗಿ ಹೇಳಿ. ಆ ನಕ್ಷೆಯನ್ನು ತರಗತಿಯಿಂದ ಹಿಂತೆಗೆದುಕೊಳ್ಳಿ.

ಜೇಕಬ್ ಮೊರೆನೊ 1934ರಲ್ಲಿ ಪ್ರಚಾರಕ್ಕೆ ತಂದ ಈ ನಕ್ಷೆ ಬಹಳ ಉಪಯುಕ್ತವೇ. ಆದರೆ ಅದನ್ನು ಓದುವವರು ಮತ್ತು ಅದರಲ್ಲಿರುವವರು ಒಂದೇ ಕೋಣೆಯ ಜನವಾದಾಗ ಅದು ಮಾಹಿತಿಯಾಗಿ ಉಳಿಯುವುದಿಲ್ಲ. ನಕ್ಷೆ ಬಿಡಿಸುವುದನ್ನು ಕಲಿಸಬೇಕಿದ್ದರೆ ನೀವೇ ಕಲ್ಪಿಸಿದ ಹತ್ತು ಜನರ ಪಟ್ಟಿ ಕೊಡಿ. ತಮ್ಮದೇ ಗುಂಪಿನದು ಬೇಕೆಂದರೆ ಇಷ್ಟಾನಿಷ್ಟದ ಬದಲು ಆಗಿಹೋದ ಕೆಲಸದ ಬಗ್ಗೆ ಕೇಳಿ: 'ಕಳೆದ ಎರಡು ವಾರದಲ್ಲಿ ಯಾರಿಂದ ಮಾಹಿತಿ ಕೇಳಿ ಪಡೆದಿರಿ?'

ಸೆಮಿಸ್ಟರಿನ ಮೊದಲ ದಿನವೇ ಮೂರು ವಿಷಯ ಲಿಖಿತವಾಗಿ ಕೊಡಿ. ಯಾವ ಚಟುವಟಿಕೆಯಿಂದಲೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಆಗ ವೀಕ್ಷಕರ ಕೆಲಸ ಕೊಡಲಾಗುವುದು. ಸ್ವಂತ ಬದುಕಿನ ವಿಷಯ ಹೇಳಿಕೊಂಡದ್ದಕ್ಕೆ ಅಂಕವಿಲ್ಲ, ಹೇಳದಿದ್ದುದಕ್ಕೆ ಕಡಿತವೂ ಇಲ್ಲ. ಅಂಕ ಇರುವುದು ವಿಶ್ಲೇಷಣೆಗೆ. ಹಿಮ್ಮಾಹಿತಿ ಕೊಡುವಾಗ ವ್ಯಕ್ತಿಯ ಮೇಲೆ ಮಾತಿಲ್ಲ, ನಡೆದದ್ದರ ಮೇಲೆ ಮಾತ್ರ. 'ನೀನು ದರ್ಪದವನು' ಎಂಬ ಮಾತಿಗೆ ಉತ್ತರವಿಲ್ಲ. 'ಅವರು ಬಜೆಟ್ ವಿಷಯ ಎತ್ತಿದಾಗ ಎರಡು ಸಲ ನೀವು ನಡುವೆ ಮಾತಾಡಿದಿರಿ, ಆಮೇಲೆ ಅವರು ಮಾತಾಡಲಿಲ್ಲ' ಎಂದರೆ ಕೇಳಿದವರು ಯೋಚಿಸಬಹುದು, ಒಪ್ಪದಿದ್ದರೆ ವಾದಿಸಲೂಬಹುದು.

ಪ್ರಶ್ನೆ: ಆನ್‌ಲೈನ್ ತರಗತಿಯಲ್ಲಿ ಇವೆಲ್ಲ ಸಾಧ್ಯವೇ?

ಉತ್ತರ: ರಟ್ಟಿನ ಆಟ ಆಗದು, ಆದರೆ ಒಂದು ಚಟುವಟಿಕೆ ಅಲ್ಲೇ ಹೆಚ್ಚು ಸಲೀಸು. ಹೆರಾಲ್ಡ್ ಲೆವಿಟ್ 1951ರಲ್ಲಿ ಐದು ಜನರ ನಡುವೆ ಸಂದೇಶ ಸಾಗುವ ದಾರಿಗಳನ್ನು ಬದಲಿಸಿ ನೋಡಿದ ಪ್ರಯೋಗ ಅದು. ಆರು ಚಿಹ್ನೆ ತೆಗೆದುಕೊಳ್ಳಿ, ಐವರಿಗೆ ತಲಾ ಐದು ಕಳಿಸಿ. ಒಬ್ಬೊಬ್ಬರ ಪಟ್ಟಿಯಿಂದ ಒಂದೊಂದು ಬೇರೆ ಬೇರೆ ಚಿಹ್ನೆ ಬಿಟ್ಟರೆ ಐವರಿಗೂ ಸಮಾನವಾಗಿ ಉಳಿಯುವುದು ಒಂದೇ ಒಂದು. ಅದನ್ನು ಖಾಸಗಿ ಸಂದೇಶಗಳಿಂದಲೇ ಪತ್ತೆಹಚ್ಚಬೇಕು. ಒಂದು ಗುಂಪಿಗೆ ಚಕ್ರದ ಕ್ರಮ: ನಾಲ್ವರೂ ನಡುವಿನ ಒಬ್ಬರಿಗೆ ಮಾತ್ರ ಬರೆಯಬಹುದು. ಇನ್ನೊಂದಕ್ಕೆ ಬಳೆಯ ಕ್ರಮ: ಪ್ರತಿಯೊಬ್ಬರೂ ಅಕ್ಕಪಕ್ಕದ ಇಬ್ಬರಿಗೆ.

ಚಿಹ್ನೆ ಬದಲಿಸುತ್ತ ಹತ್ತು ಸುತ್ತಾದರೂ ಆಡಿಸಿ, ಎರಡು ಮೂರು ಸುತ್ತಿಗೆ ಕ್ರಮ ಕೂಡಿಬರುವುದಿಲ್ಲ. ಸಮಯ, ಸಂದೇಶಗಳ ಸಂಖ್ಯೆ, ತಪ್ಪು ಉತ್ತರ ಮೂರನ್ನೂ ದಾಖಲಿಸಿ. ಕೊನೆಗೆ ಪ್ರತಿಯೊಬ್ಬರಿಂದ 'ಕೆಲಸ ಎಷ್ಟು ಹಿಡಿಸಿತು' ಎಂದು 1ರಿಂದ 10ರೊಳಗೆ ಅಂಕ ಬರೆಸಿ. ಲೆವಿಟ್ ಕಂಡದ್ದು ಚಕ್ರದಲ್ಲಿ ಸಂದೇಶ ಕಡಿಮೆ, ತಪ್ಪೂ ಕಡಿಮೆ, ಆದರೆ ಖುಷಿ ನಡುವೆ ಕೂತವರಿಗೆ ಮಾತ್ರ. ಬಳೆಯಲ್ಲಿ ತಪ್ಪು ಹೆಚ್ಚು, ಆದರೂ ಸಮಾಧಾನ ಹೆಚ್ಚು. ಸಮಸ್ಯೆ ಜಟಿಲವಾದಷ್ಟೂ ಚಕ್ರದ ಮೇಲುಗೈ ಹೋಗುತ್ತದೆ ಎಂದು ಮಾರ್ವಿನ್ ಶಾ ಆಮೇಲೆ ತೋರಿಸಿದರು. ಆದ್ದರಿಂದ ಕೊನೆಯ ಎರಡು ಸುತ್ತಿಗೆ ಚಿಹ್ನೆಯ ಬದಲು ನಾಲ್ಕೈದು ಹಂತದ ಲೆಕ್ಕ ಕೊಡಿ, ನಡುವಿನವರ ಪರದೆಯಲ್ಲಿ ಉತ್ತರ ಸಿಗದೆ ಉಳಿದ ಸಂದೇಶಗಳನ್ನು ಎಣಿಸಿಕೊಳ್ಳಿ.